ಎಡಗಡೆಯ ಪಿಟೀಲು

ನನ್ನ ಗಂಡನಿಗೆ ಇದ್ದಂಥ ಕಿವಿ ಕಾಪುವಿನಿಂದ ಕಾರ್ಕಳದ ತನಕ ಇನ್ನೊಬ್ಬರಿಗೆ ಇರಲಿಲ್ಲ. ಹಾಗಂತ ಊರವರು ಹೇಳಿದ್ದಲ್ಲ, ಅವರೇ ಹೇಳಿಕೊಳ್ಳುತ್ತಿದ್ದದ್ದು. ಗಲ್ಫಿನ ಕೆಲಸ ಬಿಟ್ಟು ಬರುವಾಗ ಬೇರೆಯವರು ಚಿನ್ನ, ಸೆಂಟು, ಕಂಬಳಿ ತಂದರೆ ಇವರು ತಂದದ್ದು ಎದೆಯೆತ್ತರದ ಎರಡು ಸ್ಪೀಕರು, ಒಂದು ಹೆಡ್‌ಫೋನು ಮತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಸಣ್ಣ ಪೆಟ್ಟಿಗೆ. ಶಿರ್ವದ ಮನೆಯ ಹಾಲ್‌ನಲ್ಲಿ ಅದನ್ನೆಲ್ಲ ಜೋಡಿಸಿದ ಮೇಲೆ ನಮ್ಮ ಮನೆಯಲ್ಲಿ ಮನುಷ್ಯರು ಸದ್ದು ಮಾಡುವುದು ನಿಂತಿತು.

ಸ್ಪೀಕರಿನ ಅಡಿಗೆ ಇಡಲಿಕ್ಕೆ ಕಾರ್ಕಳದಲ್ಲಿ ಕರಿಕಲ್ಲಿನ ಎರಡು ಚಪ್ಪಡಿ ಕೊಯ್ಯಿಸಿದರು. ನೆಲ ನಡುಗಿದರೆ ಹಾಡು ಕೆಡುತ್ತದಂತೆ. ನಾನೂ ಜೊತೆಗೆ ಹೋಗಿದ್ದೆ. ಕೊಯ್ದು ಉಳಿದ ಒಂದು ತುಂಡು ಅಂಗೈಯಲ್ಲಿ ಸರಿಯಾಗಿ ಕೂರುವಂತಿತ್ತು. ಬೆಳ್ಳುಳ್ಳಿ ಜಜ್ಜಲಿಕ್ಕೆ ಆಗುತ್ತದೆ ಅಂತ ಕೇಳಿ ತಂದೆ. ಬರುವಾಗ ದಾರಿಯಲ್ಲಿ ಚಹಾ ಕುಡಿದು ನಗಾಡಿಕೊಂಡೇ ಬಂದಿದ್ದೆವು. ಬರೀ ಕೆಟ್ಟ ದಿನಗಳೇ ಇದ್ದವು ಅಂದರೆ ಸುಳ್ಳಾಗುತ್ತದೆ.

ಅವರ ಹುಚ್ಚು ಸ್ಪೀಕರಿನದ್ದಲ್ಲ, ಪ್ಲೇಯರಿನದ್ದು. ಅಂದರೆ ಕಂಪ್ಯೂಟರಿನಲ್ಲಿ ಹಾಡು ನುಡಿಸುವ ಪ್ರೋಗ್ರಾಮು. ಅದೇ ಹಾಡು, ಅದೇ ಫೈಲು, ಅದೇ ಸ್ಪೀಕರು. ಆದರೂ ಪ್ಲೇಯರ್ ಬದಲಾದರೆ ದನಿ ಬದಲಾಗುತ್ತದೆ ಅಂತ ಅವರ ವಾದ. ಲ್ಯಾಪ್‌ಟಾಪಿನ ತುಂಬ ಅಂಥವನ್ನು ತುಂಬಿಸಿಟ್ಟಿದ್ದರು. ಅದರಲ್ಲಿ ದುಡ್ಡು ಕೊಟ್ಟು ತಂದದ್ದು ಒಂದು, ಅದಕ್ಕೆ ಮನೆಯಲ್ಲಿ ಮೊದಲ ಮರ್ಯಾದೆ. ಧರ್ಮಕ್ಕೆ ಸಿಕ್ಕಿದ್ದು ಇನ್ನೊಂದು, ಅದು ತಗಡು. ಎರಡನ್ನು ಹೋಲಿಸಲಿಕ್ಕೆ ಎರಡನೇ ಜೋಡಿ ಕಿವಿ ಬೇಕು. ಆ ಕಿವಿ ನನ್ನದು.

‘ಬಾ, ಕೂತುಕೋ’ ಅನ್ನುತ್ತಿದ್ದರು. ಹೆಡ್‌ಫೋನು ನನ್ನ ತಲೆಗೆ ಏರುತ್ತಿತ್ತು. ಯಾವಾಗಲೂ ಒಂದೇ ಹಾಡು: ಹೆಂಗಸಿನ ದನಿ ನಡುವೆ, ಮೃದಂಗ ಬಲಕ್ಕೆ, ಪಿಟೀಲು ಎಡಕ್ಕೆ. ಒಮ್ಮೆ ಈ ಪ್ಲೇಯರಿನಲ್ಲಿ, ಒಮ್ಮೆ ಆ ಪ್ಲೇಯರಿನಲ್ಲಿ. ಆಮೇಲೆ ಪ್ರಶ್ನೆ: ‘ಎಡಗಡೆಯ ಪಿಟೀಲು ಹೇಗುಂಟು?’ ನನ್ನ ಉತ್ತರ ಅವರ ಉತ್ತರಕ್ಕೆ ಸರಿಯಾಗಿ ಕೂತರೆ ಪಾರಾದೆ. ಇಲ್ಲವಾದರೆ ‘ಕಿವಿಯಾ ಅದು, ತೂತಾ?’ ಅಂತ ಕೇಳಿ ನೆತ್ತಿಗೆ ಗೆಣ್ಣಿನಿಂದ ಕುಟ್ಟುವುದು, ರವಕೆಯ ತೋಳಿನ ಒಳಗೆ ಕಾಣದ ಜಾಗದಲ್ಲಿ ಚಿವುಟುವುದು. ನೀಲಿ ರವಕೆಯ ಅಂಚು ದಾಟಿ ಕಾಣತೊಡಗಿದಾಗ ನಾನು ಉದ್ದ ತೋಳಿನ ರವಕೆ ಹೊಲಿಸಿಕೊಂಡೆ. ಎಂಥ ಬುದ್ಧಿವಂತಿಕೆ ನೋಡಿ ನನ್ನದು.

ಹಾಗೆ ಕೂತು ಕೂತು ನನಗೂ ಒಂದಷ್ಟು ಅರ್ಥವಾಯಿತು. ದನಿಯಲ್ಲಿ ವ್ಯತ್ಯಾಸ ಅಂತ ಅವರು ಹೇಳುವುದು ನನಗೆ ಒಮ್ಮೆಯೂ ಕೇಳಲಿಲ್ಲ. ನನಗೆ ಕೇಳಿದ್ದು ಬೇರೆ. ಆಲಾಪನೆ ಮುಗಿದು ಕೃತಿ ಶುರುವಾಗುವಲ್ಲಿ ಫೈಲು ಬದಲಾಗುತ್ತದೆ. ತಂಬೂರಿಯ ಶ್ರುತಿ ಅಲ್ಲಿ ಕಡಿಯದೆ ಮುಂದೆ ಹೋಗಬೇಕು. ದುಡ್ಡು ಕೊಟ್ಟದ್ದರಲ್ಲಿ ಅದು ಬಿಕ್ಕಳಿಸಿದ ಹಾಗೆ ಕಡಿಯುತ್ತಿತ್ತು, ಧರ್ಮದ್ದರಲ್ಲಿ ಕಡಿಯುತ್ತಿರಲಿಲ್ಲ. ಹಾಡುಗಳು ಹೆಚ್ಚಾದ ಹಾಗೆ ದುಡ್ಡಿನದ್ದು ಹ್ಯಾಂಗ್ ಆಗುತ್ತಿತ್ತು. ಧರ್ಮದ್ದು ಬಡವರ ಮನೆಯ ದನದ ಹಾಗೆ, ಕಟ್ಟಿದಲ್ಲೇ ನಿಂತು ಕೆಲಸ ಮಾಡುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಅಭಿಪ್ರಾಯ ಯಾರಿಗೆ ಬೇಕಿತ್ತು?

ಅವರು ಕೇಳಲಿಕ್ಕೆ ಕೂತಾಗ ಕುಕ್ಕರ್ ಕೂಗಬಾರದು, ನಳ್ಳಿಯ ನೀರು ಬಿಡಬಾರದು. ಒಮ್ಮೆ ಅತ್ತೆ ಮರೆತು ಮಿಕ್ಸಿ ಹಾಕಿದರು. ಹಾಲ್‌ನಿಂದ ಸ್ಟೀಲಿನ ಲೋಟ ಹಾರಿ ಬಂದು ಹೆತ್ತ ತಾಯಿಯ ಹುಬ್ಬು ಒಡೆಯಿತು. ರಕ್ತ ಕಣ್ಣಿಗಿಳಿದು ಸೆರಗೆಲ್ಲ ಕೆಂಪು. ನೆರೆಮನೆಯವರು ಕೇಳಿದ್ದಕ್ಕೆ ಅತ್ತೆ, ‘ಅಂಗಳದಲ್ಲಿ ಕಾಲು ಜಾರಿತು’ ಅಂದರು. ಕಣ್ಣು ಸಹ ಮಿಟುಕಿಸದೆ ಅಂದರು. ಮಾವನ ಕಾಲದಿಂದಲೇ ಅವರಿಗೆ ಅಂಥ ಕತೆ ಕಟ್ಟಿ ಅಭ್ಯಾಸ.

ನನ್ನ ಸರದಿ ಬಂದದ್ದು ಒಂದು ಅಪ್‌ಡೇಟಿನಿಂದ. ಲ್ಯಾಪ್‌ಟಾಪ್ ತೆರೆದು ಇಡು ಅಂದಿದ್ದರು, ಇಟ್ಟೆ. ಅಪ್‌ಡೇಟ್ ಮಾಡಲಾ ಅಂತ ದುಡ್ಡಿನ ಪ್ಲೇಯರ್ ಕೇಳಿತು, ಒತ್ತಿದೆ. ಅವರು ಕಣ್ಣು ಮುಚ್ಚಿ ಕೂತು ಕೇಳುವಾಗ ಹಾಡಿನ ನಡುವೆ ಅದು ಸಿಕ್ಕಿಕೊಂಡಿತು, ಮತ್ತೆ ಆ ಎದೆಯೆತ್ತರದ ಸ್ಪೀಕರುಗಳಿಂದ ತಗಡು ಹರಿದ ಹಾಗೆ ಒಂದು ಸದ್ದು. ಅವರು ಎದ್ದರು. ‘ಎಂತ ಮುಟ್ಟಿದ್ದು ನೀನು?’ ಅಂತ ಕೇಳಿದರು. ಬಾಯಿ ತೆರೆಯುವ ಮೊದಲೇ ಏಟು ಬಿತ್ತು. ಬಲಗೈಯವರ ಏಟು ಎದುರಿಗೆ ನಿಂತವರ ಎಡಕ್ಕೇ ಬೀಳುವುದು. ಎಡಗಿವಿಯ ಒಳಗೆ ಎಂತದೋ ಪಟ್ಟೆಂದು ಒಡೆಯಿತು. ನಾನು ಸೋಫಾದ ಅಂಚಿಗೆ ಬಿದ್ದೆ. ಕಿವಿಯಿಂದ ಬಿಸಿಯಾಗಿ ಎಂತದೋ ಇಳಿದು ಕುತ್ತಿಗೆಗೆ ಬಂತು.

ಇಷ್ಟು ಹೊತ್ತು ‘ಅವರು’ ಅಂತ ಬರೆದೆ. ಇನ್ನು ಆ ಮರ್ಯಾದೆ ನನ್ನ ಕೈಯಿಂದ ಬರುವುದಿಲ್ಲ.

ಮಣಿಪಾಲದ ಆಸ್ಪತ್ರೆಗೆ ಅತ್ತೆಯೇ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನನ್ನ ಬಲಗಿವಿಗೆ ಬಾಗಿ, ‘ಬಾಗಿಲು ತಾಗಿತು ಅಂತ ಹೇಳು ಮಗಾ’ ಅಂದರು. ಹಾಗೇ ಹೇಳಿದೆ. ಡಾಕ್ಟರಮ್ಮ ದೀಪ ಹಿಡಿದು ಕಿವಿ ನೋಡಿದರು, ಆಮೇಲೆ ಕೆನ್ನೆ ನೋಡಿದರು. ‘ನಿಮ್ಮ ಮನೆಯ ಬಾಗಿಲಿಗೆ ಐದು ಬೆರಳು ಉಂಟಾ?’ ಅಂತ ಕೇಳಿದರು. ಕಿವಿಯ ಪರದೆ ಹರಿದಿದೆ, ತಾನಾಗಿ ಕೂಡಬಹುದು, ನೀರು ತಾಗಬಾರದು, ಇನ್ನೊಂದು ಪೆಟ್ಟು ಬೀಳಬಾರದು ಅಂತ ಹೇಳಿ ಕಳಿಸಿದರು.

ಅದು ಕೂಡುವ ಮೊದಲೇ ಅವನು ನನ್ನನ್ನು ಮತ್ತೆ ಹೆಡ್‌ಫೋನಿಗೆ ಕೂರಿಸಿದ. ಎಡಗಡೆಯ ಪಿಟೀಲು ಹೇಗುಂಟು ಅಂತ ಕೇಳಿದ. ನಾನು ಇದ್ದದ್ದನ್ನೇ ಹೇಳಿದೆ: ‘ಪಿಟೀಲೇ ಕೇಳುವುದಿಲ್ಲ.’ ತನ್ನ ಪ್ಲೇಯರನ್ನು ನಾನು ತಮಾಷೆ ಮಾಡಿದೆ ಅಂತ ಅವನಿಗೆ ಕಂಡಿತು. ಹೆಡ್‌ಫೋನು ಮೆಲ್ಲ ತೆಗೆದು ಬದಿಗಿಟ್ಟ, ಅದು ಬೆಲೆಯ ವಸ್ತು ಅಲ್ವಾ. ಆಮೇಲೆ ಹೊಡೆದ. ಅದೇ ಕಿವಿಗೆ.

ಈ ಸಲ ಡಾಕ್ಟರಮ್ಮ ಬಾಗಿಲಿನ ವಿಷಯ ಕೇಳಲಿಲ್ಲ. ಕೋಣೆಯೊಳಗೆ ಕೂರಿಸಿ, ಹಲವು ಸದ್ದು ಕೇಳಿಸಿ ಪರೀಕ್ಷೆ ಮಾಡಿದರು. ‘ಎಡದ್ದು ಒಳಗಿಂದಲೇ ಹೋಗಿದೆ, ಇನ್ನು ಬರುವುದಿಲ್ಲ. ಬಲದ್ದನ್ನು ಜೋಪಾನ ಮಾಡಿ. ಅದೂ ಹೋದರೆ ನನ್ನ ಹತ್ತಿರ ಮದ್ದಿಲ್ಲ’ ಅಂದರು.

ಆಗಲೇ ಬಿಟ್ಟು ಬರಬಾರದಿತ್ತಾ ಅಂತ ಎಲ್ಲರೂ ಕೇಳುತ್ತಾರೆ. ಹೆದರಿಕೆ, ಬೇರೆ ಎಂತದೂ ಇಲ್ಲ. ಹೊಟ್ಟೆಯೊಳಗೆ ಹೆದರಿಕೆ ಕೂತರೆ ಗೇಟಿನ ಚಿಲಕ ಸಹ ಭಾರವಾಗುತ್ತದೆ. ಅದು ಗೊತ್ತಿಲ್ಲದವರ ಪುಣ್ಯ ದೊಡ್ಡದು.

ಕಿವಿ ಹೋದ ಸುದ್ದಿ ಅವನಿಗೆ ಹೇಳದೆ, ಅಲ್ಲಿಂದ ನಾನು ಸುಳ್ಳು ಹೇಳಲು ಕಲಿತೆ. ಹೆಡ್‌ಫೋನಿನಲ್ಲಿ ನನಗೆ ಕೇಳುವುದು ಮೃದಂಗ ಮತ್ತು ಹೆಂಗಸಿನ ದನಿ. ಪಿಟೀಲು ಸತ್ತ ಕಿವಿಯ ಕಡೆ ಎಲ್ಲೋ ನುಡಿಯುತ್ತಿರುತ್ತದೆ. ಆದರೂ ‘ದುಡ್ಡಿನದ್ದರಲ್ಲಿ ಪಿಟೀಲು ಹತ್ತಿರ ಬಂದು ಕೂತ ಹಾಗೆ ಉಂಟು’ ಅಂತ ಹೇಳುತ್ತಿದ್ದೆ. ಅವನಿಗೆ ಖುಷಿಯೋ ಖುಷಿ. ಮಣಿಪಾಲದ ಗೆಳೆಯರಿಗೆ ಫೋನು ಮಾಡಿ, ‘ನನ್ನ ಹೆಂಡತಿಗೇ ಗೊತ್ತಾಗುತ್ತದೆ ಮಾರಾಯ’ ಅನ್ನುತ್ತಿದ್ದ. ತಂತಿಯ ಮೇಲೆ ಕಮಾನು ಉಜ್ಜುವ ಸದ್ದು ತನಗೆ ಕೇಳುತ್ತದೆ ಅನ್ನುವವನಿಗೆ, ಹೆಂಡತಿ ಎಡದಿಂದ ಕರೆದರೆ ತಿರುಗುವುದಿಲ್ಲ, ಮಲಗುವ ಬದಿ ಬದಲಿಸಿದ್ದಾಳೆ ಅನ್ನುವುದು ಗೊತ್ತಾಗಲಿಲ್ಲ. ಕರೆದದ್ದು ಕೇಳದಿದ್ದರೆ ‘ಕಿವುಡಿ’ ಅಂತ ಬೈಯುತ್ತಿದ್ದ. ಬೈಗುಳ ನಿಜ ಅಂತ ಅವನಿಗೆ ತಿಳಿಯದು.

ಒಂದು ಭಾನುವಾರ ಆ ಗೆಳೆಯರಿಬ್ಬರು ಊಟಕ್ಕೆ ಬಂದರು, ಒಬ್ಬರು ಕಾಲೇಜಿನ ಮೇಷ್ಟ್ರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರು. ಅಮ್ಮ ಮಟ್ಟುವಿನಿಂದ ಗುಳ್ಳ ಬದನೆ ಕಳಿಸಿದ್ದರು, ತೆಂಗಿನಕಾಯಿ ಹಾಕದ ಬೋಳುಹುಳಿ ಮಾಡಿದ್ದೆ. ಉಂಡಾದ ಮೇಲೆ ಪ್ಲೇಯರಿನ ಚರ್ಚೆ ಶುರುವಾಯಿತು. ಎಲ್ಲ ಒಂದೇ, ವ್ಯತ್ಯಾಸ ಇರುವುದು ತಲೆಯೊಳಗೆ ಅಂತ ಮೇಷ್ಟ್ರು. ಕಣ್ಣು ಕಟ್ಟಿದರೂ ಹೇಳುತ್ತೇನೆ ಅಂತ ಇವನು. ‘ಹಾಗಾದರೆ ಅತ್ತಿಗೆ ನುಡಿಸಲಿ, ನಾವು ಸ್ಕ್ರೀನು ನೋಡುವುದಿಲ್ಲ’ ಅಂತ ಮೇಷ್ಟ್ರು ನನ್ನನ್ನು ಕರೆದರು.

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಕೂತೆ. ಅವರು ಮೂವರು ಸ್ಪೀಕರಿನ ಎದುರು. ಮೊದಲು ದುಡ್ಡಿನ ಪ್ಲೇಯರನ್ನು ಒತ್ತಿದೆ. ತೆರೆಯಿತು, ಬಿಳಿಚಿಕೊಂಡಿತು, ಹ್ಯಾಂಗ್ ಆಯಿತು. ಈಗ ತಗಡು ಹರಿದ ಸದ್ದು ಬಂದರೆ ಎಂತ ಆಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಮೆಲ್ಲ ಧರ್ಮದ್ದನ್ನು ತೆರೆದು ಅದೇ ಹಾಡು ಹಾಕಿದೆ. ಮುಗಿದ ಮೇಲೆ ‘ಇನ್ನು ಎರಡನೆಯದ್ದು’ ಅಂತ ಹೇಳಿ ಮತ್ತೆ ಅದರಲ್ಲೇ ಹಾಕಿದೆ. ಬೇರೆ ದಾರಿ ಇರಲಿಲ್ಲ.

ಅವನು ಕಣ್ಣು ತೆರೆದು ವ್ಯಾಖ್ಯಾನ ಶುರು ಮಾಡಿದ. ಮೊದಲನೆಯದ್ದರಲ್ಲಿ ಪಿಟೀಲು ಉಸಿರಾಡುತ್ತದಂತೆ, ಎರಡನೆಯದ್ದರಲ್ಲಿ ಕತ್ತು ಹಿಸುಕಿದ ಹಾಗೆ ಉಂಟಂತೆ. ‘ಎರಡನೆಯದ್ದು ಆ ಧರ್ಮದ ತಗಡು, ಬೇಕಾದರೆ ಬೆಟ್ ಕಟ್ಟು’ ಅಂದ. ಮೇಷ್ಟ್ರು ನನ್ನ ಕಡೆ ತಿರುಗಿ, ‘ಹೌದಾ ಅತ್ತಿಗೆ?’ ಅಂತ ಕೇಳಿದರು. ಕತ್ತು ಹಿಸುಕುವ ಮಾತು ಅವನ ಬಾಯಿಂದ ಕೇಳಿ ನನ್ನೊಳಗೆ ಎಂತದೋ ಕಡಿಯಿತು. ‘ಎರಡೂ ಧರ್ಮದ್ದೇ’ ಅಂದೆ. ‘ದುಡ್ಡಿನದ್ದು ಹ್ಯಾಂಗ್ ಆಗಿ ಬಿದ್ದಿದೆ, ಬಂದು ನೋಡಿ.’

ಅವರು ಬಂದು ನೋಡಿದರು. ಸೋಫಾದಲ್ಲಿ ಹೊರಳಾಡಿ ನಕ್ಕರು. ಅವನೂ ನಕ್ಕ, ಹಲ್ಲು ಮಾತ್ರ ಕಾಣುವ ನಗು. ಅವರ ಕಾರು ಗೇಟು ದಾಟುವ ತನಕ ಕೈ ಬೀಸುತ್ತ ನಿಂತ.

ನಾನು ಅಡುಗೆಮನೆಗೆ ಓಡಿದೆ. ಅವನು ಹಿಂದೆಯೇ ಬಂದ. ಬೋಳುಹುಳಿಯ ಪಾತ್ರೆ ಒದ್ದ, ಅದು ಗೋಡೆಗೆ ಬಡಿದು ನೆಲವೆಲ್ಲ ಗುಳ್ಳದ ಹೋಳು. ‘ನನ್ನ ಮಾನ ತೆಗೆದೆಯಲ್ಲ’ ಅಂತ ಬಲಗೈಯಿಂದ ನನ್ನ ಜಡೆ ಹಿಡಿದು ತಲೆಯ ಎಡಬದಿಯನ್ನು ಕಟ್ಟೆಗೆ ಒತ್ತಿದ. ನಾನು ಹೇಳಿದೆ, ‘ನನ್ನ ಎಡಗಿವಿ ಕೇಳುವುದಿಲ್ಲ. ನೀನು ಹೊಡೆದು ಹೋದದ್ದು. ಪಿಟೀಲಿನ ವಿಷಯ ನಾನು ಹೇಳಿದ್ದೆಲ್ಲ ಸುಳ್ಳು.’

ಜಡೆ ಹಿಡಿದ ಕೈ ಒಂದು ಗಳಿಗೆ ಸಡಿಲವಾಯಿತು. ಮರುಳಿ ನಾನು, ಅವನಿಗೆ ಪಾಪ ಅನಿಸಿತೇನೋ ಅಂದುಕೊಂಡೆ. ಅವನು ಕೇಳಿದ್ದು, ‘ಹಾಗಾದರೆ ನೀನು ಹೇಳಿದ ಒಂದೂ ನಿಜ ಅಲ್ಲವಾ?’ ಅಂತ. ಕಿವಿಯ ಸುದ್ದಿಯೇ ಇಲ್ಲ. ಮತ್ತೆ ಜಡೆ ಬಿಗಿಯಾಯಿತು. ಬಲಗೈ ಜಡೆಯಲ್ಲಿ ಇದ್ದುದರಿಂದ ಈ ಸಲ ಎತ್ತಿದ್ದು ಎಡಗೈ. ಅದು ಬೀಳುವುದು ನನ್ನ ಬಲಗಿವಿಗೆ. ನನಗೆ ಉಳಿದದ್ದು ಅದೊಂದೇ. ಅಮ್ಮನ ದನಿ, ಬಸ್ಸಿನ ಹಾರ್ನು, ಮಳೆ, ಎಲ್ಲ ಅದರಲ್ಲೇ ಇತ್ತು.

ಕಟ್ಟೆಯ ಮೇಲೆ ನನ್ನ ಕೈಗೆ ಕಾರ್ಕಳದ ಕಲ್ಲಿನ ತುಂಡು ಸಿಕ್ಕಿತು. ಅವನ ಕೈ ಇಳಿಯುವಾಗ ಎದುರಿಗೆ ಬೀಸಿದೆ. ಮಣಿಕಟ್ಟು ಮುರಿದ ಸದ್ದು ಒಂದೇ ಕಿವಿಯಲ್ಲಿ ಕೇಳಿತು. ಚೆನ್ನಾಗಿಯೇ ಕೇಳಿತು. ಅವನು ಗುಳ್ಳದ ಹೋಳುಗಳ ಮೇಲೆ ಕುಸಿದು ಕೂತು ಕೂಗಿದ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಉಟ್ಟ ಸೀರೆಯಲ್ಲೇ ತವರಿಗೆ ಹೋಗಲಿಕ್ಕೆ ಕಾಪುವಿನ ಬಸ್ಸು ಹತ್ತಿದೆ.

ಮಾರನೆಯ ದಿನ ಅತ್ತೆ ಫೋನು ಮಾಡಿದರು. ಪ್ಲಾಸ್ಟರ್ ಹಾಕಿದ್ದಾರೆ ಅಂದರು. ಪೊಲೀಸರು ಬರುತ್ತಾರಾ ಅಂತ ಕೇಳಿದೆ. ‘ಇಲ್ಲ ಮಗಾ, ಬಾಗಿಲು ತಾಗಿತು ಅಂತ ಹೇಳಿದ್ದೇನೆ’ ಅಂದರು. ‘ಅವನೂ ಹೌದು ಅಂದ.’

ಈಗ ಮಟ್ಟುವಿನಲ್ಲಿ ಅಮ್ಮನ ಜೊತೆ ಇದ್ದೇನೆ, ನಾನು ಹಾಕಿದ ಡೈವೋರ್ಸ್ ಕೇಸು ನಡೆಯುತ್ತಾ ಉಂಟು. ತಮ್ಮನ ಹಳೆಯ ಲ್ಯಾಪ್‌ಟಾಪಿಗೆ ಆ ಧರ್ಮದ ಪ್ಲೇಯರನ್ನೇ ಹಾಕಿಕೊಂಡೆ. ಹಿಂದೆ ಅದರ ಸೆಟ್ಟಿಂಗ್ಸ್ ಮುಟ್ಟುವ ಧೈರ್ಯ ಇರಲಿಲ್ಲ. ಮೊನ್ನೆ ತೆರೆದು ನೋಡಿದರೆ, ಕೆಳಗೆ ಒಂದು ಸಣ್ಣ ಚೌಕ: ಮೋನೋ. ಎಡದ್ದನ್ನೂ ಬಲದ್ದನ್ನೂ ಕಲಸಿ ಎರಡೂ ಕಿವಿಗೆ ಒಂದೇ ದನಿ ಕೊಡುವುದಂತೆ. ಅವನ ಪ್ರಕಾರ ಅದು ಸಂಗೀತಕ್ಕೆ ಮಾಡುವ ಕೊಲೆ. ಟಿಕ್ ಹಾಕಿ, ಸಾಧಾರಣ ಹೆಡ್‌ಫೋನು ಏರಿಸಿ, ಆ ಹಾಡನ್ನೇ ಹಾಕಿದೆ.

ಮೃದಂಗ ಬಂತು, ಹೆಂಗಸಿನ ದನಿ ಬಂತು. ಅವೆರಡರ ನಡುವೆ ಇಕ್ಕಟ್ಟಿನಲ್ಲಿ, ಬಲಗಿವಿಯೊಳಗೆ, ಪಿಟೀಲೂ ಬಂತು. ಹೆಡ್‌ಫೋನು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ. ಅಮ್ಮ ಒಳಗಿಂದ ಬಂದು, ‘ಎಂತಕ್ಕೆ ಅಳುವುದು?’ ಅಂತ ಕೇಳಿದರು. ಪಿಟೀಲು ಕೇಳಿತು ಅಂದೆ.