ಮೇಷ್ಟ್ರ ಬೆನ್ನಿಗಿಟ್ಟ ದಿಂಬು

ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ, ಊರಿಗೆಲ್ಲ ಅವನು ಮೆತ್ತೆ ಮಾವ. ಸೋಫಾ, ಕಾರಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಏನೇ ಇರಲಿ, ಎಲ್ಲಿ ಎಷ್ಟು ಸ್ಪಂಜು ಬೇಕು ಅಂತ ಕೂತವರ ಬೆನ್ನು ನೋಡಿಯೇ ಹೇಳುತ್ತಿದ್ದ. ಕೈ ಚೆನ್ನಾಗಿತ್ತು ಸ್ವಾಮಿ, ಅದಕ್ಕೆ ಯಾರೂ ಎರಡು ಮಾತಾಡುವಂತಿಲ್ಲ. ಕೆಟ್ಟದ್ದು ಬಾಯಿ. ಬೇಡ ಅಂದವರ ಮೇಲೂ ಉಪಕಾರ ಹೇರುವ ಬಾಯಿ.

ಊರಾಚೆ ಗ್ಲೈಡರ್ ಕ್ಲಬ್ಬಿತ್ತು. ಗ್ಲೈಡರ್ ಅಂದರೆ ಇಂಜಿನ್ನಿಲ್ಲದ ವಿಮಾನ. ಮೈದಾನದ ಆ ತುದಿಯಲ್ಲಿ ವಿಂಚು ಯಂತ್ರ ಉಕ್ಕಿನ ಹಗ್ಗವನ್ನು ಸರ್ರನೆ ಸುತ್ತಿಕೊಂಡರೆ ಈ ತುದಿಯ ಗ್ಲೈಡರು ಗಾಳಿಪಟದ ಹಾಗೆ ಮೇಲೇಳುತ್ತದೆ. ವಿಂಚು ನಡೆಸುತ್ತಿದ್ದವನು ಮಾವನ ಹೆಂಡತಿಯ ತಮ್ಮ. ಅವನನ್ನು ನೋಡಲು ಹೋದಾಗ ಮಾವನ ಕಣ್ಣಿಗೆ ಗಣಿತದ ಮೇಷ್ಟ್ರು ಬಿದ್ದರು. ಮೇಷ್ಟ್ರು ಕುಳ್ಳು. ಕಾಲು ಪೆಡಲಿಗೆ ಎಟುಕಲಿ ಅಂತ ಬೆನ್ನ ಹಿಂದೆ ಹಲಗೆಯಂಥ ದಿಂಬಿಟ್ಟುಕೊಂಡು ಹಾರುತ್ತಿದ್ದರು.

"ಏನು ಮೇಷ್ಟ್ರೇ, ಬೆನ್ನಿಗೆ ಕಲ್ಲು ಕಟ್ಟಿಕೊಂಡಿದೀರಲ್ಲ? ಒಂದು ಹೊಲಿದು ಕೊಡ್ತೀನಿ ತಾಳಿ."

"ಬೇಡ ಮಾವ. ಇಲ್ಲಿ ಗಟ್ಟಿಯದೇ ಇಡಬೇಕಂತೆ."

"ದಿಂಬಿನ ವಿಷಯ ನನಗೆ ಹೇಳಿಕೊಡ್ತಾರಾ ಈ ಕ್ಲಬ್ಬಿನವರು?"

ಮುಂದಿನ ವಾರವೇ ದಪ್ಪನೆಯ, ಬೆಣ್ಣೆಯಂಥ ದಿಂಬು ತಂದು ಸೀಟಿಗೆ ತಾನೇ ಒತ್ತಿ ಕೂರಿಸಿದ. ಮೇಷ್ಟ್ರು ನಕ್ಕು ಹಳೆಯದನ್ನು ಪಕ್ಕಕ್ಕಿಟ್ಟರು.

ಅದೇ ಭಾನುವಾರ ಗ್ಲೈಡರು ನೆಲ ಬಿಟ್ಟದ್ದೇ ತಡ, ಮೂತಿ ನೆಟ್ಟಗೆ ಆಕಾಶಕ್ಕೆತ್ತಿತು. ವೇಗ ಸತ್ತು, ಒಂದು ಪಕ್ಕಕ್ಕೆ ವಾಲಿ ಬಿತ್ತು. ಮೇಷ್ಟ್ರು ಅಲ್ಲೇ ಹೋದರು.

ಊರು ಕೇಳಬೇಕೇ? ವಿಂಚಿನವನು ಜಾಸ್ತಿ ಎಳೆದ ಅಂತ ಅವನ ತಲೆ ಮೇಲೆ ಗೂಬೆ ಕೂರಿಸಿತು. ಕ್ಷೌರದಂಗಡಿಯಲ್ಲಿ ಕುರ್ಚಿ ಖಾಲಿಯಿದ್ದರೂ ಅವನನ್ನು ಯಾರೂ ಕೂರಿಸಲಿಲ್ಲ. ಅವನು ಅಕ್ಕನ ಮನೆಗೆ ಬಂದು, "ಎಂದಿನ ಹಾಗೇ ಎಳೆದೆ ಭಾವ, ಮೇಷ್ಟ್ರೇ ಹಿಂದಕ್ಕೆ ಜಾರಿದ ಹಾಗಿತ್ತು" ಅಂದಾಗ ಮಾವನಿಗೆ ತನ್ನ ದಿಂಬು ನೆನಪಾಯಿತು. ಒತ್ತಿದರೆ ಸ್ಪಂಜು ಎಷ್ಟು ಕುಸಿಯುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ತುಟಿ ಪಿಟಕ್ಕೆನ್ನಲಿಲ್ಲ. ತನ್ನ ಮೆತ್ತೆ ಅಂಗಡಿ ಮುಂದೆ ಯಾರು ನಿಂತರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಾಚಿಕೆಗಿಂತ ಭಯ ದೊಡ್ಡದಾಗಿತ್ತು.

ವಿಚಾರಣೆಗೆ ಬಂದ ಅಧಿಕಾರಿ ಕ್ಲಬ್ಬಿನ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ, ಮೇಜಿನ ಮೇಲೆ ದಿಂಬಿಟ್ಟರು. ಅಂಗೈಯಲ್ಲಿ ಒತ್ತಿದರೆ ಅಪ್ಪಚ್ಚಿಯಾಯಿತು.

"ಹಗ್ಗ ಎಳೆದ ರಭಸಕ್ಕೆ ಇದು ಕುಸಿದಿದೆ, ಅವರು ಹಿಂದಕ್ಕೆ ಜಾರಿದ್ದಾರೆ. ಮೂತಿ ಏರಿಸಿ ಇಳಿಸುವ ಹಿಡಿ ಕೈಯಲ್ಲಿತ್ತಲ್ಲ, ಅದೂ ಜೊತೆಗೇ ಹಿಂದೆ ಬಂದಿದೆ. ಅದಕ್ಕೇ ಮೂತಿ ಎದ್ದದ್ದು. ಇದನ್ನು ಕೊಟ್ಟವರು ಯಾರು?"

ಭಾವಮೈದುನ ಹೊಲಿಗೆ ನೋಡಿದ. ಆಮೇಲೆ ಭಾವನ ಮುಖ ನೋಡಿದ.

"ನಾನೇ ಸಾರ್. ಪೇಟೆಯಿಂದ ತಂದುಕೊಟ್ಟೆ."

ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ತಾಯಿ ತಿರುಗಿ ಅವನನ್ನೇ ನೋಡಿದರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಮಾವನಿಗೆ. ಅಕ್ಕನ ಸಂಸಾರ ಉಳಿಸಲು ಈ ಹುಡುಗ ಸುಳ್ಳು ಹೇಳುತ್ತಿದ್ದಾನೆ, ತಾನು ಕೂತು ಕೇಳುತ್ತಿದ್ದೇನೆ, ಥೂ. ಎದ್ದು ನಿಂತ.

"ಅವನಲ್ಲ. ನಾನು. ಮೇಷ್ಟ್ರು ಬೇಡ ಅಂದಿದ್ರು ಅಮ್ಮ. ನಾನೇ ಬಲವಂತ ಮಾಡಿದೆ."

ಮುದುಕಿ ಬಯ್ಯುತ್ತಾಳೆ ಅಂದುಕೊಂಡ. ಬಯ್ದಿದ್ದರೆ ಒಳ್ಳೆಯದಿತ್ತು.

"ಗೊತ್ತಪ್ಪ. ಕೂತರೆ ಒಳಕ್ಕೆ ಹೋಗುತ್ತೆ ಅಂತ ಮಗ ನನಗೆ ಹೇಳಿದ್ದ. ಹಾಗಾದ್ರೆ ತೆಗೆದಿಡೋ ಅಂದೆ. 'ಅಷ್ಟು ಆಸೆಯಿಂದ ಹೊಲಿದಿದಾರೆ ಅಮ್ಮ, ಒಂದು ಸಲವಾದ್ರೂ ಇಟ್ಟುಕೊಳ್ದಿದ್ರೆ ಮಾವ ಬೇಜಾರು ಮಾಡ್ಕೋತಾರೆ' ಅಂದ."