ಸೇತುವೆಯ ನಂತರದ ದನಿ

ಎಲಿಹಿಯೊ ಬರ್ರಾಗಾನನ ಮುಖವನ್ನು ಮೆಕ್ಸಿಕೊ ನಗರದಲ್ಲಿ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಮೆಟ್ರೊದಲ್ಲಿ ಅವನ ಕಾಲು ತುಳಿದವರು ತಿರುಗಿ ಕೂಡ ನೋಡದೆ ಇಳಿದು ಹೋಗುತ್ತಿದ್ದರು. ಆದರೆ ಅವನು ಬಾಯಿ ತೆರೆದು 'ಸ್ವಲ್ಪ ಜರುಗಿ' ಅಂದನೋ, ಬೋಗಿಯಲ್ಲಿದ್ದ ಮಕ್ಕಳೆಲ್ಲ ಕತ್ತು ತಿರುಗಿಸುತ್ತಿದ್ದರು. ಅದು ಸಿನಿಮಾದ ವಿಹಿಯಾನ ದನಿ. ಉಕ್ಕಿನ ಮೊಗವಾಡ ಹಾಕಿಕೊಂಡು ಗಾಜಿನ ಕಟ್ಟಡಗಳ ಮೇಲಿಂದ ಜಿಗಿಯುವ, ಊರು ಮಲಗಿದ ಮೇಲೆ ಊರನ್ನು ಕಾಯುವ ಆ ವೀರ ನಮ್ಮ ಮಕ್ಕಳ ಜೊತೆ ಒಂದು ದಿನಕ್ಕೂ ಇಂಗ್ಲಿಷಿನಲ್ಲಿ ಮಾತಾಡಿದವನಲ್ಲ. ತೆರೆಯ ಮೇಲೆ ತುಟಿ ಆಡಿಸುತ್ತಿದ್ದವನು ಯಾರೋ ಚೆಲುವ, ಅಮೆರಿಕದವನು. ಮಾತು ಮಾತ್ರ, ಇಸ್ತಾಕಾಲ್ಕೊ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ ಪಲ್ಯಕ್ಕೆಂದು ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತ ಕೂರುತ್ತಿದ್ದ ಈ ಬೊಕ್ಕತಲೆಯ ಕುಳ್ಳನದು.

ಅವನ ಹೊಟ್ಟೆಪಾಡು ಮೊದಲಿನಿಂದಲೂ ಗಂಟಲಿನದೇ. ತನ್ನೂರು ತುಲಾನ್ಸಿಂಗೊದಿಂದ ಬಂದ ಹೊಸತರಲ್ಲಿ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಕೆಲಸ ಸಿಕ್ಕಿತ್ತು. ಒಂದು ದಿನ ಹುಡುಗಿಯೊಬ್ಬಳು ಗಂಟು ಹೊತ್ತುಕೊಂಡು ಅವನ ಗೂಡಿನ ಮುಂದೆ ಬಂದು ಜಗಳಕ್ಕೆ ನಿಂತಳು. "ಏನಯ್ಯಾ, ನಿನ್ ದನಿ ಕೇಳ್ತಾ ಊರಿನ ಹೆಸರೇ ಕಿವಿಗೆ ಬೀಳ್ಲಿಲ್ಲ. ಬಸ್ ಹೋಯ್ತು. ಈಗ ನನ್ನನ್ನ ಮನೆಗೆ ಯಾರು ಕರ್ಕೊಂಡ್ ಹೋಗ್ತಾರೆ?" ಅವಳೇ ಚೆಲಾ. ಕರೆದುಕೊಂಡು ಹೋದವನು ಅವನೇ, ಮತ್ತೆ ಬಿಟ್ಟದ್ದಿಲ್ಲ.

ಆ ನಿಲ್ದಾಣದಲ್ಲೇ ಅವನ ದನಿ ಡಬ್ಬಿಂಗಿನವರೊಬ್ಬರ ಕಿವಿಗೆ ಬಿತ್ತು. ಮೊದಮೊದಲು ಸಿಕ್ಕಿದ್ದು ಮೂರನೆಯ ಪೋಲೀಸಿನವನ ಮಾತು, ಮಹಡಿಯಿಂದ ಬೀಳುವವನ ಕಿರುಚು, ಒಮ್ಮೆ ನಾಯಿಯ ಬೊಗಳು. ಕೊಟ್ಟದ್ದನ್ನೆಲ್ಲ ಅವನು ಪೂಜೆ ಮಾಡುವವನ ಹಾಗೆ ಮಾಡಿದ. ಆಮೇಲೆ ವಿಹಿಯಾ ಬಂದ. ಮೊದಲ ಚಿತ್ರ ನೋಡಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಎತ್ತಿಕೊಂಡು ಚಿತ್ರಮಂದಿರಕ್ಕೆ ಬರುತ್ತಿದ್ದರು. ತೆರೆಯ ಮೇಲಿನ ನಟರು ಇಬ್ಬರು ಬದಲಾದರು, ಎಲಿಹಿಯೊ ಬದಲಾಗಲಿಲ್ಲ.

ಕೊನೆಯ ಚಿತ್ರದ ಕೆಲಸ ಶುರುವಾದಾಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತೆ ಆಗತೊಡಗಿತು. ಜೇನುತುಪ್ಪ, ನಿಂಬೆ, ಬೇವಿಗಿಂತ ಕಹಿಯಾದ ಯಾವುದೋ ಸೊಪ್ಪಿನ ಕಷಾಯ, ಚೆಲಾ ಎಲ್ಲವನ್ನೂ ಕುಡಿಸಿದಳು. ಅವನು ದಿನಾ ಹೋಗಿ ಕತ್ತಲೆಯ ಕೋಣೆಯಲ್ಲಿ ಮೈಕಿನ ಮುಂದೆ ಒಬ್ಬನೇ ನಿಂತು ತುಂಡು ತುಂಡಾಗಿ ಮಾತು ಹೇಳಿ ಬಂದ. ಚಿತ್ರದ ನಡುಮಧ್ಯದಲ್ಲಿ ಒಂದು ಸಣ್ಣ ದೃಶ್ಯವಿತ್ತು. ಸಾಯಲು ಹೊರಟ ವಿಹಿಯಾ ಅಮ್ಮನಿಗೆ ಫೋನು ಮಾಡಿ, 'ಬಾಗಿಲು ಹಾಕ್ಕೋ ಅಮ್ಮ, ನಾನು ಬರೋದು ತಡ ಆಗುತ್ತೆ' ಅನ್ನುತ್ತಾನೆ. ಎಲಿಹಿಯೊ ಅದನ್ನು ಮತ್ತೆ ಮತ್ತೆ ಹೇಳಿ, ಕೊನೆಗೊಮ್ಮೆ ಸರಿಯಾಗಿ ಹೇಳಿದ. ಹೊರಗೆ ಬಂದು ಕರವಸ್ತ್ರಕ್ಕೆ ಉಗುಳಿದರೆ ರಕ್ತ. ಅದರ ನಂತರ ಬರುವುದು ಸೇತುವೆಯ ದೃಶ್ಯ, ವಿಹಿಯಾ ಇಡೀ ನಗರಕ್ಕೆ ಕೇಳುವಂತೆ ಗುಡುಗುವ ದೃಶ್ಯ. ಅಲ್ಲಿಗೆ ಎಲಿಹಿಯೊನ ಗಂಟಲು ಹೋಗಲೇ ಇಲ್ಲ. ಡಾಕ್ಟರು ದನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದರು. ಕತ್ತಿನಲ್ಲಿ ಉಸಿರಿಗೊಂದು ತೂತು ಉಳಿಯಿತು, ಅದರ ಮೇಲೊಂದು ಬಿಳಿ ಬಟ್ಟೆ.

ಮಿಕ್ಕ ಅರ್ಧ ಮಾಡಿದವನು ಉಲಿಸೆಸ್, ಅವನದೇ ಶಿಷ್ಯ. ಮೇಷ್ಟ್ರ ದನಿಯನ್ನು ಅಣಕಿಸಿ ಕಾಫಿಗೆ ಕೂತವರನ್ನೆಲ್ಲ ನಗಿಸುತ್ತಿದ್ದ ಹುಡುಗ. ಒಂದು ಮಧ್ಯಾಹ್ನ ಸಿಹಿ ಬ್ರೆಡ್ಡಿನ ಪೊಟ್ಟಣ ಹಿಡಿದು ಮನೆಗೆ ಬಂದು ಗೊಳೋ ಎಂದು ಅತ್ತ.

"ಮೇಷ್ಟ್ರೇ, ನಾನು ಆಗಲ್ಲ ಅಂದ್ರೆ ಸ್ಟುಡಿಯೋದವರು ಇನ್ಯಾರನ್ನೋ ತಂದು ಕೂರಿಸ್ತಾರೆ. ಯಾರಿಗೂ ಹೇಳ್ಬಾರ್ದು ಅಂತ ಬೇರೆ ಅಂತಾರೆ. ನೀವು ಬೇಡ ಅನ್ನಿ, ಈಗ್ಲೇ ಫೋನ್ ಮಾಡಿ ಬಿಟ್ಬಿಡ್ತೀನಿ."

ಎಲಿಹಿಯೊ ತುಟಿ ಆಡಿಸಿದ. ಅಷ್ಟು ಹೊತ್ತಿಗೆ ಚೆಲಾಗೆ ಆ ತುಟಿಯನ್ನು ಓದುವುದು ರೂಢಿಯಾಗಿತ್ತು. ತೆರೆಯ ಮೇಲಿನವರ ಬಾಯಿಗೆ ಜೀವಮಾನವಿಡೀ ಮಾತು ಕೊಟ್ಟವನಿಗೆ ಈಗ ಅವಳು ಮಾತು ಕೊಡುತ್ತಿದ್ದಳು. "ನೀನೇ ಮಾಡು ಅಂತಿದಾರಪ್ಪ. ನನ್ ಹಾಗೇ ಮಾಡು, ನಿನ್ ಜಾಣತನ ತೋರಿಸ್ಬೇಡ ಅಂತಿದಾರೆ."

ಚಿತ್ರ ಬಂತು, ಓಡಿತು. ಚಿತ್ರಮಂದಿರದಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಮಕ್ಕಳ ಕೇಕೆ, ಸಿಳ್ಳು, ಜೋಳದ ಅರಳಿನ ಕರಕರ, ಅಲ್ಲಿ ಯಾರು ಕಿವಿಗೊಟ್ಟು ಕೇಳುತ್ತಾರೆ? ಎಲಿಹಿಯೊ ಹಾಗೆಂದುಕೊಂಡು ಸಮಾಧಾನ ಮಾಡಿಕೊಂಡ. ಡಿಸ್ಕ್ ಬರಲಿ, ಜನ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೋಡಲಿ, ಆಗ ಗೊತ್ತಾಗುತ್ತದೆ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟಿದ್ದವನೇ, ಗುಟ್ಟು ಒಡೆಯಲೆಂದು ಹಗಲೂ ಇರುಳೂ ಕಾಯುತ್ತಿದ್ದ.

"ಯಾರಾದ್ರೂ ಗುಟ್ಟು ಹಿಡಿದ್ರೆ ನಿನಗೇನ್ ಸಿಗುತ್ತೆ, ಮುದುಕಾ?" ಎಂದು ಚೆಲಾ ಕೇಳಿದಳು.

ಅವನು ನಿಧಾನವಾಗಿ, ಅವಳು ತಪ್ಪು ಓದದಂತೆ ತುಟಿ ಆಡಿಸಿದ. 'ನಾನು ಹೋದೆ ಅಂತ ಒಬ್ಬರಿಗಾದರೂ ಗೊತ್ತಾಗುತ್ತೆ.'

ಅಂಥ ಒಬ್ಬರು ಸಿಗುವುದಾದರೆ ಅದು ನೊಯೆಯ ಮನೆಯಲ್ಲೇ ಸಿಗಬೇಕು. ನೊಯೆಗೆ ಒಂದು ಜೆರಾಕ್ಸ್ ಅಂಗಡಿಯಿತ್ತು, ವಿಹಿಯಾನ ಹುಚ್ಚು ಅಂಗಡಿಗಿಂತ ದೊಡ್ಡದಿತ್ತು. ಅವನ ಗುಂಪಿನವರು ತಮ್ಮನ್ನು 'ಕಿವಿಗಳು' ಎಂದು ಕರೆದುಕೊಳ್ಳುತ್ತಿದ್ದರು. ಚಿತ್ರವನ್ನು ಇಂಗ್ಲಿಷಿನಲ್ಲಿ ಕೇಳಿ ತೆರೆಯ ಕೆಳಗಿನ ಅಕ್ಷರ ಓದುವವರೆಂದರೆ ಅವರಿಗೆ ಆಗದು, ಜಂಬದ ಕೋಳಿಗಳು ಎನ್ನುತ್ತಿದ್ದರು. ಯಾವ ಚಿತ್ರದಲ್ಲಿ ಮೇಷ್ಟ್ರು ಎಲ್ಲಿ ಉಸಿರು ಎಳೆದುಕೊಂಡರು ಎಂಬುದರ ಬಗ್ಗೆ ಕೈ ಕೈ ಮಿಲಾಯಿಸುವಷ್ಟು ವಾದ ಮಾಡುತ್ತಿದ್ದರು. ಡಿಸ್ಕ್ ಬಂದ ಭಾನುವಾರ ನೊಯೆ ಮೇಷ್ಟ್ರನ್ನೂ ಚೆಲಾಳನ್ನೂ ಊಟಕ್ಕೆ ಕರೆದ. ಕಾಯಿಲೆ ಬಂದದ್ದು ಚಿತ್ರ ಮುಗಿದ ಮೇಲೆ ಎಂದೇ ಅವರ ತಿಳಿವಳಿಕೆ.

ಎಲಿಹಿಯೊ ಬೆಳಿಗ್ಗೆಯೇ ಎದ್ದು ಗಡ್ಡ ಹೆರೆದುಕೊಂಡ, ಕತ್ತಿಗೆ ಒಗೆದ ಬಟ್ಟೆ ಕಟ್ಟಿಸಿಕೊಂಡ. ಮದುವೆಗೆ ಹೊರಟ ಹಾಗೆ ಹೊರಟಿದ್ದೀಯಲ್ಲ ಎಂದು ಚೆಲಾ ರೇಗಿಸಿದಳು. ಅವಳಿಗೆ ಹೆದರಿಕೆಯಾಗಿತ್ತು.

ನೊಯೆ ಕಿಟಕಿಗೆ ಎರಡು ಕಂಬಳಿ ಜಡಿದಿದ್ದ. ಹಳೇ ಹಾಸಿಗೆ, ಹಳೇ ಒಲೆ ಕೊಳ್ಳುತ್ತೇವೆಂದು ಕೂಗುತ್ತ ಬೀದಿಯಲ್ಲಿ ಹೋಗುವ ಗಾಡಿಯ ಧ್ವನಿಮುದ್ರಿಕೆ ಒಳಗೆ ಬರಬಾರದೆಂದು. ದನಿ ಪ್ರತಿಧ್ವನಿಸದಂತೆ ಗೋಡೆಗೆಲ್ಲ ಮೊಟ್ಟೆ ಜೋಡಿಸುವ ರಟ್ಟು ಅಂಟಿಸಿದ್ದ. ಮೂಲೆ ಮೂಲೆಗೂ ಸ್ಪೀಕರ್. ನಡುವೆ ಕುರ್ಚಿ ಹಾಕಿ ಮೇಷ್ಟ್ರನ್ನು ಕೂರಿಸಿದರು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಯಾದಿರಾ ಖಾರ, ನಿಂಬೆರಸ ಹಾಕಿದ ಜೋಳದ ಕಾಳು ತಂದುಕೊಟ್ಟಳು. ಬಸ್ ಓಡಿಸುವ ದಡೂತಿ ಕ್ರಿಸ್ಪೀನ್ ಅಷ್ಟರಲ್ಲಾಗಲೇ ಎರಡು ಬಟ್ಟಲು ಮುಗಿಸಿದ್ದ.

"ಚಿತ್ರ ಕಪ್ಪಗಿದೆ ಕಣೋ," ಎಂದ ಕ್ರಿಸ್ಪೀನ್. "ಥಿಯೇಟರಲ್ಲಿ ಇಷ್ಟು ಕಪ್ಪಗಿರ್ಲಿಲ್ಲ. ಒಂದೋ ನಿನ್ ಟೀವಿ ದಂಡ, ಇಲ್ಲಾ ವಿಹಿಯಾ ಕರೆಂಟ್ ಬಿಲ್ ಕಟ್ಟಿಲ್ಲ."

"ನೀನು ಕಣ್ಣು ಮುಚ್ಕೊಂಡು ತಿನ್ನು," ಎಂದ ನೊಯೆ. "ಇಲ್ಲಿ ಕೇಳೋಕ್ ಬಂದಿರೋದು, ನೋಡೋಕಲ್ಲ."

"ಡಬ್ಬ ಮಾತ್ರ ಚೆನ್ನಾಗಿದೆ," ಎಂದಳು ಯಾದಿರಾ, ಡಿಸ್ಕಿನ ತಗಡಿನ ಡಬ್ಬಿಯನ್ನು ಮೂಸಿ ನೋಡುತ್ತ. "ತೆಗೆದುಹಾಕಿದ ದೃಶ್ಯಗಳೂ ಇದಾವಂತೆ. ಸುಮ್ನಿರ್ರೋ, ಶುರುವಾಯ್ತು."

ವಿಹಿಯಾ ಮೊದಲ ಮಾತು ಆಡಿದ. ಎಲಿಹಿಯೊನ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಮೈಕಿನ ಮುಂದೆ ನಿಂತಾಗ ಕೇಳಿಸದಿದ್ದುದು ಆ ಸ್ಪೀಕರಿನಲ್ಲಿ ಕೇಳಿಸಿತು. ದನಿಯ ಅಡಿಯಲ್ಲಿ ಹರಿದ ಬಟ್ಟೆಯಂಥ ಏನೋ ಒಂದು ಪರಪರ ಎನ್ನುತ್ತಿತ್ತು. ಇರಲಿ, ನನ್ನದೇ ತಾನೇ, ಎಂದುಕೊಂಡ. ಅಮ್ಮನಿಗೆ ಫೋನು ಮಾಡುವ ದೃಶ್ಯ ಬಂತು. ಚೆಲಾ ಅವನ ಮೊಣಕಾಲ ಮೇಲೆ ಕೈ ಇಟ್ಟಳು. 'ಬಾಗಿಲು ಹಾಕ್ಕೋ ಅಮ್ಮ.' ಆಮೇಲೆ ಸೇತುವೆ. ಉಲಿಸೆಸ್‌ನ ದನಿ ಮೂಲೆ ಮೂಲೆಯಿಂದ ಗುಡುಗಿತು, ರಟ್ಟುಗಳು ನಡುಗಿದವು.

"ನಿಲ್ಸೋ, ನಿಲ್ಸೋ!" ಯಾದಿರಾ ಎದ್ದು ನಿಂತಳು. "ನೊಯೆ, ಹಿಂದಕ್ ಹೋಗು. ಫೋನಿನ ಮಾತು ಹಾಕು. ಹಾಂ. ಈಗ ಸೇತುವೆ ಹಾಕು. ಕೇಳಿಸ್ತಾ?"

"ಏನು?"

"ಇದು ಒಂದೇ ಗಂಟಲಲ್ಲ ಕಣ್ರೋ. ಇಬ್ಬರು ಇದಾರೆ."

ಎಲಿಹಿಯೊ ಕುರ್ಚಿಯ ಅಂಚಿಗೆ ಸರಿದ. ಸಿಕ್ಕಿತು, ಸಿಕ್ಕೇಬಿಟ್ಟಿತು! ಹಲ್ಲಿನ ಡಾಕ್ಟರ ಅಂಗಡಿಯ ಈ ಹೆಣ್ಣುಮಗಳ ಕಾಲಿಗೆ ಬೀಳಬೇಕು ಅನ್ನಿಸಿತು ಅವನಿಗೆ. ಕಣ್ಣು ತುಂಬಿಕೊಂಡು ಚೆಲಾಳ ಕಡೆ ನೋಡಿದ. ನೊಯೆ ಮತ್ತೆ ಹಿಂದೆ, ಮತ್ತೆ ಮುಂದೆ ಓಡಿಸಿದ. ಫೋನು, ಸೇತುವೆ. ಫೋನು, ಸೇತುವೆ.

"ಅಯ್ಯಯ್ಯೋ ಹೌದಲ್ಲ!" ಎಂದ ನೊಯೆ. "ಥಿಯೇಟರಲ್ಲಿ ಗೊತ್ತೇ ಆಗ್ಲಿಲ್ವಲ್ಲೋ. ನಮಗೇ ಮೋಸ ಮಾಡಿದಾರೆ!"

"ಮಾಡ್ತಾರೆ, ಮಾಡ್ದೆ ಇರ್ತಾರಾ?" ಕ್ರಿಸ್ಪೀನ್‌ಗೆ ಸಿಟ್ಟು ಬಂತು, ಬಟ್ಟಲು ಕೆಳಗಿಟ್ಟ. "ಮೇಷ್ಟ್ರಿಗೆ ಕೊಡೋ ಕಾಸು ಉಳಿಸೋಕೆ ಯಾರೋ ಅಗ್ಗದವನನ್ನ ತಂದು ಮೊದ್ಲು ನಿಲ್ಸಿದಾರೆ. ಅವನು ಮೇಕೆ ಥರ ಅರಚಿದಾನೆ. ಸೇತುವೆ ಹತ್ರ ಬರೋ ಹೊತ್ತಿಗೆ ಅವನ ಕೈಲಾಗ್ಲಿಲ್ಲ. ಆಮೇಲೆ ಓಡಿ ಬಂದು ನಮ್ ಮೇಷ್ಟ್ರ ಕಾಲು ಹಿಡಿದಿದಾರೆ!"

"ಅದೇ ಮತ್ತೆ!" ಎಂದ ನೊಯೆ. "ಸೇತುವೆಯಿಂದ ಮುಂದೆ ನೋಡು, ಎಂಥ ದನಿ! ಮೇಷ್ಟ್ರು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಮುಂಚೆ ಇರೋದು ಥೂ, ಅಮ್ಮನ ಹತ್ರ ಮಾತಾಡೋದಾ ಅದು? ಗಂಟಲಲ್ಲಿ ಕಫ ಕಟ್ಟಿರೋನ ಹಾಗೆ. ನಾಚಿಕೆ ಆಗ್ಬೇಕು ಅವನಿಗೆ."

ತಪ್ಪು ಅನ್ನಲು ಎಲಿಹಿಯೊಗೆ ದನಿಯಿರಲಿಲ್ಲ ಎನ್ನುವುದು ಹಾಗಿರಲಿ. ತಪ್ಪು ಅನ್ನಲು ಏನೂ ಇರಲಿಲ್ಲ. ಅವರ ಕಿವಿ ನಿಜವಾಗಿಯೂ ಕಿವಿಯೇ. ದನಿ ಬದಲಾದ ಜಾಗವನ್ನು ಕೂದಲೆಳೆಯಷ್ಟೂ ತಪ್ಪದೆ ಹಿಡಿದಿದ್ದರು. ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂದಿದ್ದರು. ಅವನೂ ಕಿವಿಯಿಂದಲೇ ಬದುಕಿದವನು, ಅವನಿಗೂ ಹಾಗೇ ಕೇಳಿಸಿತ್ತು. ಆ ಮೇಕೆ ತಾನು. ರಕ್ತ ಉಗುಳಿ ಹೇಳಿದ ಆ ಒಂದು ಮಾತು, ಇಷ್ಟು ದಿನ ಅದೊಂದಾದರೂ ಉಳಿಯಿತಲ್ಲ ಎಂದು ಎದೆಗವಚಿಕೊಂಡಿದ್ದ ಮಾತು, ನಿಜಕ್ಕೂ ಕೆಟ್ಟದಾಗಿತ್ತು.

"ಮೇಷ್ಟ್ರನ್ನೇ ಕೇಳಿಬಿಡೋಣ," ಎಂದಳು ಯಾದಿರಾ, ಅವನ ಕುರ್ಚಿಯ ಮುಂದೆ ಮಂಡಿಯೂರಿ. "ಮೇಷ್ಟ್ರೇ, ನೀವು ಹೊರಗೆ ಹೇಳ್ಬಾರ್ದು ಅಂತ ಅವರು ಬಾಯಿ ಕಟ್ಟಿಸಿರ್ತಾರೆ, ಗೊತ್ತು ನಮಗೆ. ನಮ್ಮಲ್ಲೇ ಇರುತ್ತೆ. ಮೊದಲನೇ ಅರ್ಧ ನಿಮ್ಮದಲ್ಲ, ಅಲ್ವಾ?"

ಎಲ್ಲರೂ ಚೆಲಾಳನ್ನು ನೋಡಿದರು. ಚೆಲಾ ಗಂಡನ ತುಟಿಯನ್ನು ನೋಡಿದಳು. ಅವಳ ಮುಖ ಕೆಂಪಾಗಿತ್ತು, ಅವನು ಹೂಂ ಅಂದರೆ ಸಾಕು ಇವರಿಗೆಲ್ಲ ಮಂಗಳಾರತಿ ಎತ್ತಲು ಸಿದ್ಧಳಾಗಿದ್ದಳು. ನಿಜ ಹೇಳಿದರೆ ಏನಾಗುತ್ತದೆಂದು ಎಲಿಹಿಯೊಗೆ ಕಾಣುತ್ತಿತ್ತು. ಇವರ ನಾಲಿಗೆ ಕಚ್ಚಿಕೊಂಡ ಮುಖಗಳು. ಈಗ ಕೇಳಿದರೆ ಎಷ್ಟು ಚೆನ್ನಾಗಿದೆ ಮೇಷ್ಟ್ರೇ, ಎಷ್ಟು ಆಳ, ಎನ್ನುವ ಸುಳ್ಳು. ಉಲಿಸೆಸ್‌ನ ಬೆನ್ನು ಹತ್ತಿ ಕಳ್ಳ ಎನ್ನುವ ಇದೇ ಬಾಯಿಗಳು. ಅವನು ತುಟಿ ಆಡಿಸಿದ.

"ಅದನ್ನ ನಾನು ಹೇಳಲ್ಲ," ಎಂದಳು ಚೆಲಾ.

"ಏನ್ ಹೇಳಲ್ಲ, ಚೆಲಾ ಅಮ್ಮಾ? ಏನಂತಾರೆ?"

ಅವನು ಅವಳ ಕೈ ಹಿಡಿದು ಮತ್ತೊಮ್ಮೆ ಆಡಿಸಿದ, ನಿಧಾನವಾಗಿ.

"ಬೇಡ ಮುದುಕಾ. ನನ್ ಬಾಯಲ್ಲಿ ಹೇಳಿಸ್ಬೇಡ."

ಅವನು ಕೈ ಬಿಡಲಿಲ್ಲ. ಚೆಲಾ ಸೆರಗಿನಂತಿದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಗೋಡೆ ನೋಡುತ್ತ, ಅಂಗಡಿಯವನಿಗೆ ಸಾಮಾನು ಹೇಳುವಂಥ ದನಿಯಲ್ಲಿ ಹೇಳಿದಳು. "ನೀವು ಹೇಳಿದ್ದು ಸರಿಯಂತೆ. ಸೇತುವೆಗಿಂತ ಮುಂಚಿನದು ಇವರದಲ್ಲವಂತೆ. ಯಾರದು ಅಂತ ಇವರಿಗೂ ಗೊತ್ತಿಲ್ಲವಂತೆ."

ಮನೆಯೆಲ್ಲ ಹೋ ಎಂದು ಕೂಗಿತು. ಕ್ರಿಸ್ಪೀನ್ ಮೇಷ್ಟ್ರನ್ನು ಕುರ್ಚಿಯ ಸಮೇತ ತಬ್ಬಿಕೊಂಡ. ಯಾದಿರಾಳನ್ನು ನೊಯೆ ಎತ್ತಿ ಒಂದು ಸುತ್ತು ತಿರುಗಿಸಿದ. "ಏನ್ ಕಿವಿ ತಾಯಿ ನಿನ್ದು!"

"ಇಲ್ನೋಡಿ, ನಾನೊಂದ್ ಕೆಲ್ಸ ಮಾಡ್ತೀನಿ," ಎಂದ ನೊಯೆ, ರಿಮೋಟು ಎತ್ತಿಕೊಂಡು. "ನಮ್ಮವರಿಗೆಲ್ಲ ಒಂದೊಂದು ಪ್ರತಿ ತೆಗೆದುಕೊಡ್ತೀನಿ. ಸೇತುವೆಯಿಂದ ಶುರು. ಆ ಮೇಕೆ ನಮಗ್ಯಾಕೆ?"

"ಅಮ್ಮನಿಗೆ ಫೋನ್ ಮಾಡೋದು? ಅದು ಬೇಡ್ವಾ?" ಎಂದ ಕ್ರಿಸ್ಪೀನ್.

"ಅದನ್ ಯಾರ್ ಕೇಳ್ತಾರೆ ಬಿಡು."

ಅವನು ಸೇತುವೆಯಿಂದ ಹಾಕಿ ದನಿ ಇನ್ನೂ ಏರಿಸಿದ. ಎಲ್ಲರೂ ತೆರೆಯ ಕಡೆ ತಿರುಗಿದರು. ಚೆಲಾ ಒಬ್ಬಳೇ ತಿರುಗಲಿಲ್ಲ. ಅವನು ಇನ್ನೇನಾದರೂ ಹೇಳಿಯಾನೆಂದು ಚಿತ್ರ ಮುಗಿಯುವ ತನಕ ಅವನ ತುಟಿಯನ್ನೇ ನೋಡುತ್ತ ಕೂತಿದ್ದಳು.