ಎಡಭುಜದ ಪಕ್ಕಕ್ಕೆ ಬರಬೇಕಾದ ಎಸೆತ

ಮೇಷ್ಟ್ರಿಗೆ ಇವತ್ತು ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆ, ಬಲಗಣ್ಣು. ಹೋದ ವರ್ಷದ ಆಷಾಢದಲ್ಲಿ ಚಾಮರಾಜನಗರದ ಒಂದು ಕಲ್ಯಾಣ ಮಂಟಪದಲ್ಲಿ, ಕೇರಳದ ಬತ್ತೇರಿಯಿಂದ ಬಂದ ಹೆಂಗಸೊಬ್ಬರು ನನ್ನ ಎಸೆತ ಸರಿಯಿಲ್ಲ ಎಂದು ನೇರವಾಗಿ ಹೇಳಿದ್ದರಿಂದ ಅದು ಉಳಿಯಿತು. ಆ ಎರಡು ದಿನ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆದಿಡಬೇಕು ಎಂದು ಬಹಳ ಸಲ ಅಂದುಕೊಂಡೆ. ನಿಧಾನವಾಗಿ ಹೇಳುತ್ತೇನೆ.

ಗುಂಡ್ಲುಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪೈಪು, ನಲ್ಲಿ, ಮೊಳೆ, ಬಣ್ಣ ಮಾರುತ್ತೇನೆ. ಮೇಷ್ಟ್ರು ತೆರಕಣಾಂಬಿಯವರು, ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಒಮ್ಮೆ ಬಣ್ಣ ಕೊಳ್ಳಲು ಬಂದವರು, ನಾನು ಬಿಲ್ ಬರೆಯುವಷ್ಟರಲ್ಲಿ ಕೌಂಟರಿನ ಮೇಲಿದ್ದ ಪೈಪಿನ ತಿರುವಿಗೆ ಹಾಕುವ ಮೂರು ಪಿವಿಸಿ ಎಲ್ಬೋಗಳನ್ನು ಒಂದರ ಹಿಂದೊಂದು ಗಾಳಿಗೆ ಎಸೆದು ಹಿಡಿಯತೊಡಗಿದರು. ಫೋನಿನಲ್ಲಿ ನೋಡಿ ಕಲಿತದ್ದಂತೆ. ನನಗೂ ಆ ಹುಚ್ಚಿತ್ತು. ಗಿರಾಕಿ ಇಲ್ಲದಾಗ ಒಳಗೆ ನಿಂತು ನಿಂಬೆಹಣ್ಣು ಎಸೆಯುತ್ತಿದ್ದೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಅವತ್ತು ಬಿಲ್ ಅರ್ಧಕ್ಕೆ ಬಿಟ್ಟು ನಾನೂ ಮೂರು ಎಲ್ಬೋ ಎತ್ತಿಕೊಂಡೆ.

ಅಲ್ಲಿಂದಾಚೆ ಸಂಜೆಯಾದರೆ ಅಂಗಡಿಯ ಹಿಂದಿನ ಸಿಮೆಂಟ್ ಅಂಗಳ ನಮ್ಮದಾಯಿತು. ಹೀಗೆ ಎಸೆದು ಹಿಡಿಯುವ ಜಗ್ಲಿಂಗ್ ಮಾಡುವವರು ಬಾಟಲಿಯಾಕಾರದ, ಉದ್ದ ಹಿಡಿಯ ಒಂದು ಸಾಧನವನ್ನು ಎಸೆಯುತ್ತಾರೆ. ನಾವು ಅದನ್ನು ದೊಣ್ಣೆ ಎನ್ನುತ್ತಿದ್ದೆವು. ಪ್ಲಾಸ್ಟಿಕ್ ಬಾಟಲಿಗೆ ಪೈಪಿನ ತುಂಡು ತೂರಿಸಿ, ಟೇಪು ಸುತ್ತಿ ನಾವೇ ಮಾಡಿಕೊಂಡೆವು. ಇಬ್ಬರೂ ಎದುರುಬದುರು ನಿಂತು, ತಮ್ಮ ತಮ್ಮ ಮೂರು ದೊಣ್ಣೆ ಆಡಿಸುತ್ತ, ಎಣಿಕೆಗೆ ಸರಿಯಾಗಿ ಒಂದನ್ನು ಎದುರಿನವರಿಗೆ ದಾಟಿಸಬೇಕು. ನನ್ನ ಬಲಗೈಯಿಂದ ಹೊರಟದ್ದು ನೇರವಾಗಿ ಹೋಗಿ ಅವರ ಎಡಭುಜದ ಪಕ್ಕ, ತುಸು ಹೊರಗೆ, ಎಡಗೈಗೆ ಸಿಗುವಂತೆ ಇಳಿಯಬೇಕು. ಎದುರಿನವರ ಕೈ ಎಲ್ಲಿ ಬರುತ್ತದೋ ಅಲ್ಲಿಗೇ ಎಸೆಯುವವನನ್ನು ಒಳ್ಳೆಯ ಜೊತೆಗಾರ ಎನ್ನುತ್ತಾರೆ. ಬಿದ್ದರೆ ಯಾಕೆ ಬಿತ್ತು ಎಂದು ಕೇಳುವ ಪದ್ಧತಿ ಇಲ್ಲ. ಎತ್ತಿಕೊಂಡು ಮತ್ತೆ ಶುರು ಮಾಡುವುದೇ ಮರ್ಯಾದೆ.

ಈ ಮರ್ಯಾದೆಯನ್ನು ನಾವಿಬ್ಬರೂ ಚಾಚೂ ತಪ್ಪದೆ ಪಾಲಿಸಿದೆವು.

ಮೈಸೂರಿನ ಕಡೆಯ ಕೆಲವು ಹವ್ಯಾಸಿಗಳು ಶನಿವಾರ, ಭಾನುವಾರ ಎರಡು ದಿನದ ಜಗ್ಲಿಂಗ್ ಸಮಾವೇಶ ಇಟ್ಟುಕೊಂಡಿದ್ದಾರೆ ಎಂದು ಫೋನಿನ ಗುಂಪೊಂದರಲ್ಲಿ ತಿಳಿಯಿತು. ಆಷಾಢದಲ್ಲಿ ಮದುವೆಗಳಿಲ್ಲದೆ ಛತ್ರಗಳು ಖಾಲಿ ಹೊಡೆಯುತ್ತಿರುತ್ತವೆ, ಸೂರು ಎತ್ತರವಿರುತ್ತದೆ, ಅಡುಗೆಯವರೂ ಸಿಗುತ್ತಾರೆ. ಹಾಗಾಗಿ ಚಾಮರಾಜನಗರದ ಮಂಟಪ. ಭಾನುವಾರ ಸಂಜೆ ವೇದಿಕೆಯ ಮೇಲೆ ಆಡಲು ನಾವಿಬ್ಬರೂ ಹೆಸರು ಕೊಟ್ಟೆವು. ಮೇಷ್ಟ್ರು ಅದಕ್ಕೆಂದೇ ಹೊಸ ಅಂಗಿ ಹೊಲಿಸಿದರು.

ಶನಿವಾರ ಬೆಳಿಗ್ಗೆ ನಾನು ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದೆ, ಅವರು ತೆರಕಣಾಂಬಿಯಲ್ಲಿ ಹತ್ತಿದರು. ನಾನು ಕಿಟಕಿಯ ಕಡೆ ಸರಿದು ಜಾಗ ಕೊಟ್ಟರೆ ಒಪ್ಪಲಿಲ್ಲ.

"ನೀನು ಈ ಕಡೀಕ್ ಬಾ. ಎಡಕ್ಕೆ ಕೂತ್ರೆ ನೀ ಮಾತಾಡೋದು ನಂಗೆ ಕೇಳ್ಸದೇ ಇಲ್ಲ ಕಣ. ಎಡಗಿವಿ ಯಾಕೋ ಮಂದ ಆಗದೆ."

ನಾನು ಜಾಗ ಬದಲಿಸಿ ಅವರ ಬಲಕ್ಕೆ ಕುಳಿತೆ. ಕಿವಿ ಎಂದರು, ಕಿವಿ ಎಂದೇ ನಂಬಿದೆ.

ಮಂಟಪದಲ್ಲಿ ಗಂಡುಹೆಣ್ಣು ಕೂರುವ ಎರಡು ಕೆಂಪು ಕುರ್ಚಿಗಳನ್ನು ವೇದಿಕೆಯ ಮೂಲೆಗೆ ತಳ್ಳಿದ್ದರು. ದೊಣ್ಣೆ ತಾಗುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ, ಚೆಂಡು ಹಾರುತ್ತದೆಂದು ಕಿಟಕಿ ತೆಗೆಯುವಂತಿರಲಿಲ್ಲ. ಎಲ್ಲರೂ ಬೆವರುತ್ತ, ತಲೆ ಮೇಲೆತ್ತಿಕೊಂಡು ಏನನ್ನಾದರೂ ಎಸೆಯುತ್ತಿದ್ದರು. ಬ್ಯಾಂಕಿನವರು, ನರ್ಸುಗಳು, ಕಾಲೇಜಿನವರು, ಕೊಯಮತ್ತೂರಿನಿಂದ ಬಂದ ಗಂಡಹೆಂಡತಿ. ಇಂಥ ಹುಚ್ಚು ನಮ್ಮಿಬ್ಬರದೇ ಅಲ್ಲ ಎಂದು ನೋಡಿದ್ದೇ ನನಗೆ ಹೊಟ್ಟೆ ತುಂಬಿದಂತಾಯಿತು. ಊಟಕ್ಕೆ ಬಡಿಸುತ್ತಿದ್ದ ಅಡುಗೆಯ ಯಜಮಾನರು ಮಾತ್ರ ಬೆರಗಿನಲ್ಲಿದ್ದರು.

"ಗಂಡೂ ಇಲ್ಲ, ಹೆಣ್ಣೂ ಇಲ್ಲ, ಊಟ ಮಾತ್ರ ಆಕ್ತಾ ಇವ್ನಿ," ಎಂದು ಮೇಷ್ಟ್ರ ಎಲೆಗೆ ಮುದ್ದೆ ಇಟ್ಟರು. "ಇದ್ನೂ ಮ್ಯಾಕ್ಕೆ ಎಸ್ದ್‌ಬುಟ್ಟೀರಿ ಸಾಮಿ, ಜ್ವಾಕೆ."

"ಗಟ್ಟಿ ಆಗಿದ್ರೆ ಎಸೀತೀನಿ," ಎಂದರು ಮೇಷ್ಟ್ರು.

ಊಟದ ನಂತರ ಜೋಡಿ ಬದಲಿಸುವ ಆಟ. ಚಪ್ಪಾಳೆ ತಟ್ಟಿದಾಗ ಎಲ್ಲರೂ ತಮ್ಮ ಜೊತೆಗಾರರನ್ನು ಬಿಟ್ಟು ಗುರುತಿಲ್ಲದವರ ಎದುರು ನಿಲ್ಲಬೇಕು. ಮೇಷ್ಟ್ರಿಗೆ ಮೈಸೂರಿನ ಒಬ್ಬ ಎಂಜಿನಿಯರ್ ಸಿಕ್ಕಿದರು. ನನ್ನೆದುರು ಬತ್ತೇರಿಯಲ್ಲಿ ಬೇಕರಿ ನಡೆಸುವ ಹೆಂಗಸು. ತರಕಾರಿ ಕೊಳ್ಳಲು ನಮ್ಮ ಕಡೆ ಬಂದು ಬಂದು ಕನ್ನಡ ಕಲಿತವರು. ಗಟ್ಟಿಮುಟ್ಟಾದ ಆಳು, ಎಸೆತ ಗೆರೆ ಎಳೆದಂತೆ.

ನಾನು ಮೊದಲನೆಯದನ್ನು ಎಸೆದೆ. ಅವರು ತಲೆ ಹಿಂದಕ್ಕೆಳೆದು ಹಿಡಿದರು. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ನಿಲ್ಲಿಸಿದರು.

"ಚೇಟ್ಟಾ, ನನ್ನ ಕೈ ಇಲ್ಲಿದೆ," ಎಂದು ತಮ್ಮ ಮಲಯಾಳದಲ್ಲಿ ಅಣ್ಣನೆಂದು ಕರೆದು ಎಡಗೈ ತೋರಿಸಿದರು. "ಮೂಗು ಇಲ್ಲಿದೆ. ನೀವು ಮೂಗಿಗೇ ಕಳಿಸ್ತಿದ್ದೀರಿ. ಅದರ ಮೇಲೆ ಏನು ಕೋಪ?"

ತಪ್ಪಾಯಿತು ಎಂದು ಮತ್ತೆ ಶುರು ಮಾಡಿದೆ. ಹೊರಗೆ ಎಸೆಯಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡು ಎಸೆದೆ. ಮತ್ತೆ ಮೂಗಿಗೇ ಹೋಯಿತು. ಅವರು ಈ ಸಲ ನಗಲಿಲ್ಲ.

"ಒಂದ್ಸಲ ಅತ್ತ, ಒಂದ್ಸಲ ಇತ್ತ ಹೋದ್ರೆ ಕೈ ಇನ್ನೂ ಕೂತಿಲ್ಲ ಅಂತೀನಿ. ನಿಮ್ಮದು ಪ್ರತಿ ಸಲ ಅದೇ ಜಾಗಕ್ಕೆ ಬರ್ತಿದೆ. ಮನೇಲಿ ಯಾರ ಜೊತೆ ಆಡ್ತೀರಿ?"

ತೋರಿಸಲೆಂದು ನಾನು ಮೇಷ್ಟ್ರ ಕಡೆ ತಿರುಗಿದೆ. ತಿರುಗಿದ್ದರಿಂದಲೇ ಅದನ್ನು ಕಂಡೆ. ಎಂಜಿನಿಯರ್ ಎಸೆದ ದೊಣ್ಣೆ ಒಳ್ಳೆಯ ಎಸೆತವಾಗಿತ್ತು. ಎತ್ತರ ಸರಿಯಿತ್ತು, ಒಂದು ಸುತ್ತು ಸುತ್ತಿ ಎಡಭುಜದ ಕಡೆಗೆ ಇಳಿಯುತ್ತಿತ್ತು. ಮೇಷ್ಟ್ರ ಎಡಗೈ ಏಳಲೇ ಇಲ್ಲ. ಬದಲಿಗೆ ಅವರು, ಕಾಣೆಯಾದದ್ದನ್ನು ಹುಡುಕುವವರಂತೆ, ತಲೆಯನ್ನು ಎಡಕ್ಕೆ ವಾಲಿಸಿದರು. ದೊಣ್ಣೆ ಅವರ ಕಣತಲೆಗೆ ಬಡಿಯಿತು. ಶಬ್ದ ದೊಡ್ಡದೇನಲ್ಲ, ತೆಂಗಿನ ಚಿಪ್ಪಿಗೆ ಬೆರಳಿನಿಂದ ತಟ್ಟಿದಷ್ಟು. ಅವರ ಕೈಯಲ್ಲಿದ್ದವೂ ನೆಲಕ್ಕೆ ಬಿದ್ದವು.

ಎಂಜಿನಿಯರ್ ಕೈ ಮುಗಿದುಕೊಂಡು ಓಡಿಬಂದರು. ಮೇಷ್ಟ್ರಿಗೆ ಸಿಟ್ಟು ಬಂದಿತ್ತು. "ಎಲ್ಲಿಗಪ್ಪ ಎಸೀತಾ ಇದ್ದೀಯೆ? ನಮ್ ಹುಡ್ಗನ್ನ ನೋಡಿ ಕಲ್ತ್ಕೊ," ಎಂದು ನನ್ನ ಕಡೆ ಕೈ ತೋರಿಸಿದರು. ಸುತ್ತಲಿದ್ದವರೂ ಎಂಜಿನಿಯರ್ ತಪ್ಪು ಎಂದೇ ತಿಳಿದರು. ಅವರ ತಪ್ಪಿಲ್ಲವೆಂದು ಕಂಡವರು ನಾವಿಬ್ಬರೇ, ನಾನು ಮತ್ತು ಬತ್ತೇರಿಯವರು.

ಊದಿದ ಜಾಗಕ್ಕೆ ಐಸು ಒತ್ತಿ, ಮೇಷ್ಟ್ರು ಸುಧಾರಿಸಿಕೊಂಡ ಮೇಲೆ, ಆ ಹೆಂಗಸು ಮೆತ್ತಗೆ ಹೇಳಿದರು, "ಮೇಷ್ಟ್ರೇ, ನಿಮ್ಮ ಹುಡುಗನ ಎಸೆತ ನಾನು ನಿಮ್ಮ ಹಿಂದೆ ನಿಂತು ನೋಡಬೇಕು."

ಅವರು ಮೇಷ್ಟ್ರ ಬೆನ್ನ ಹಿಂದೆ ನಿಂತು, ಮೇಷ್ಟ್ರ ಎಡಭುಜದ ಪಕ್ಕದಿಂದ ತಮ್ಮ ಅಂಗೈಯನ್ನು ಮುಂದಕ್ಕೆ ಚಾಚಿದರು. ಇಲ್ಲಿಗೇ ಎಸೆಯಿರಿ ಎಂದು ನನಗೆ ಕಣ್ಣಲ್ಲೇ ಹೇಳಿದರು. ನಾನು ಆ ಅಂಗೈಯನ್ನಷ್ಟೇ ನೋಡುತ್ತ, ಒಂದೇ ಒಂದು ದೊಣ್ಣೆಯನ್ನು ಮೆಲ್ಲಗೆ ಎಸೆದೆ. ಅವರು ಅದನ್ನು ಸದ್ದಿಲ್ಲದೆ ಹಿಡಿದುಕೊಂಡರು.

ಮೇಷ್ಟ್ರು ಕಾದರು. ಬಲಕ್ಕೆ ನೆಲ ನೋಡಿದರು, ಕಾಲ ಬುಡ ನೋಡಿದರು.

"ಎಲ್ಲೋಯ್ತ್ಲಾ ಅದು?"

ಅದು ಅವರ ಎಡಗಿವಿಯ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿತ್ತು. ಅವರು ಪೂರ್ತಿ ತಲೆ ತಿರುಗಿಸಿದ ಮೇಲೆ ಅದು ಕಂಡಿತು. ದೊಣ್ಣೆಯನ್ನು ನೋಡಿದರು, ಅದನ್ನು ಹಿಡಿದ ಕೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೋಗಿ ವೇದಿಕೆಯ ಮೆಟ್ಟಿಲ ಮೇಲೆ ಕುಳಿತರು.

ನಾನು ಎಂದಿನಿಂದ ಎಸೆತವನ್ನು ಒಳಗೊಳಗೆ ತರುತ್ತಿದ್ದೆನೋ ಗೊತ್ತಿಲ್ಲ. ಎಡಕ್ಕೆ ಹೋದದ್ದು ಬೀಳುತ್ತಿತ್ತು, ತುಸು ಒಳಗೆ ಬಂದದ್ದು ಸಿಗುತ್ತಿತ್ತು. ಕೈ ಅದನ್ನು ತಾನಾಗಿ ಕಲಿತುಕೊಂಡಿತ್ತು. ದಿನಕ್ಕೊಂದು ಕೂದಲೆಳೆಯಷ್ಟು ಸರಿದು ಸರಿದು ಅವರ ಮುಖದ ನೇರಕ್ಕೆ ಬಂದಿತ್ತು. ಅವರು ನಮ್ಮ ಆಟ ವರ್ಷದಿಂದ ವರ್ಷಕ್ಕೆ ಹದವಾಗುತ್ತಿದೆ ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು.

"ವಯಸ್ಸಾಯ್ತು, ಅಷ್ಟೆಯ," ಎಂದರು ಮೇಷ್ಟ್ರು. "ನಾಳೆ ಆಟ ಮುಗೀಲಿ. ಆಮೇಕೆ ನೋಡನ."

"ಇವತ್ತೇ ತೋರಿಸ್ಬೇಕು ಮೇಷ್ಟ್ರೇ," ಎಂದೆ.

"ಸುಮ್ಕಿರ್ಲಾ. ಡಾಕ್ಟ್ರು ದೊಣ್ಣೆ ಮುಟ್ಬ್ಯಾಡ ಅಂದ್‌ಬುಟ್ರೆ? ಸಂಜೆ ಹೊತ್ತು ನಾನೇನ್ ಮಾಡನ?"

ಬತ್ತೇರಿಯವರು ಅವರ ಪಕ್ಕದಲ್ಲಿ, ಬಲಗಡೆಗೇ, ಕುಳಿತರು. "ನಮ್ಮ ಅಪ್ಪನಿಗೂ ಹೀಗೇ ಪಕ್ಕದಿಂದ ಶುರುವಾಯ್ತು. ನೋವಿಲ್ಲ, ಏನಿಲ್ಲ. ಎಡವಿದಾಗೆಲ್ಲ ನಾವು ದಾರೀಲಿದ್ದ ಸ್ಟೂಲು, ಬಕೆಟ್ಟು ಎತ್ತಿ ಪಕ್ಕಕ್ಕಿಡ್ತಿದ್ವಿ. ಪ್ರೀತಿಯಿಂದಲೇ. ತೋರಿಸೋ ಹೊತ್ತಿಗೆ ಎರಡೂ ಕಣ್ಣು ಹೋಗಿತ್ತು." ಮೇಷ್ಟ್ರ ಕಡೆ ತಿರುಗಿ ಹೇಳಿದರು, "ನೀವು ಈಗ ಹೋಗಿ ತೋರಿಸಿ ಬನ್ನಿ. ನಾಳೆ ಬೆಳಿಗ್ಗೆ ಇವರಿಗೆ ಎಡಗೈ ಎಸೆತ ನಾನು ಕಲಿಸ್ತೀನಿ. ಆಗ ದೊಣ್ಣೆ ನಿಮ್ಮ ಬಲಗೈಗೆ ಬರುತ್ತೆ. ಆಟ ನಿಲ್ಲಲ್ಲ."

ಮೇಷ್ಟ್ರು ಎದ್ದದ್ದು ಆ ಕೊನೆಯ ಮಾತಿಗೆ.

ಆಟೋ ಹಿಡಿದು ಪೇಟೆಯ ಕಣ್ಣಿನ ಡಾಕ್ಟರ ಬಳಿ ಹೋದೆವು. ಅವರು ಗಲ್ಲ ಊರುವ ಯಂತ್ರದ ಮುಂದೆ ಮೇಷ್ಟ್ರನ್ನು ಬಹಳ ಹೊತ್ತು ಕೂರಿಸಿಕೊಂಡರು. ಗ್ಲಾಕೋಮ ಎಂದರು. ಕಣ್ಣೊಳಗಿನ ಒತ್ತಡ ಏರಿ ನರ ಸವೆದಿದೆ. ಎಡಗಣ್ಣಿನಲ್ಲಿ ಉಳಿದದ್ದು ಕಡಿಮೆ, ಹೋದದ್ದು ತಿರುಗಿ ಬರುವುದಿಲ್ಲ. ಬಲಗಣ್ಣಿಗೆ ಈಗ ತಾನೇ ಶುರುವಾಗಿದೆ. ತಡೆಯಬಹುದು. ಹನಿಔಷಧಿ ಇವತ್ತೇ ಶುರುವಾಗಬೇಕು, ಜೀವಮಾನವಿಡೀ ತಪ್ಪಿಸಬಾರದು.

"ತಡ ಮಾಡಿದ್ದಿದ್ರೆ ನಾನು ಹೇಳೋ ಮಾತು ಬೇರೆ ಇರ್ತಿತ್ತು," ಎಂದರು.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ದೊಣ್ಣೆ ಎತ್ಬೌದಾ ಸಾರ್?"

ಡಾಕ್ಟರು ಕಣತಲೆಯ ಊತವನ್ನೂ ನನ್ನನ್ನೂ ನೋಡಿ, "ಜಗಳ ಯಾರ ಜೊತೆ?" ಎಂದರು. ನಾನು ವಿವರಿಸಿದೆ. ಅವರು ಕೊನೆಯವರೆಗೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ಮುಖಕ್ಕೆ ಪೆಟ್ಟು ಬೀಳಬಾರದು, ರಕ್ಷಣೆಯ ಕನ್ನಡಕ ಹಾಕಿಕೊಂಡು, ಗೊತ್ತಿರುವವರ ಜೊತೆ ಮಾತ್ರ ಆಡಿ ಎಂದರು. ಹೊರಗೆ ಬಂದು ಮೇಷ್ಟ್ರು ನನ್ನ ತೋಳು ಹಿಡಿದುಕೊಂಡು ರಸ್ತೆ ದಾಟಿದರು. ಅದುವರೆಗೆ ಎಂದೂ ಹಿಡಿದವರಲ್ಲ.

ಭಾನುವಾರ ಬೆಳಿಗ್ಗೆ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ, ಬತ್ತೇರಿಯವರು ನನ್ನ ಎಡಗೈಯನ್ನು ಅಕ್ಷರ ಕಲಿಸುವಂತೆ ತಿದ್ದಿದರು. ದೊಣ್ಣೆ ಎಲ್ಲೆಲ್ಲಿಗೋ ಹೋಯಿತು. ಒಂದು ಸಲ ಅಡುಗೆಮನೆಯ ಬಾಗಿಲಿಗೂ ಹೋಯಿತು. ಯಜಮಾನರು ಅದನ್ನು ಎತ್ತಿಕೊಂಡು ಬಂದು, "ಇದ್ನ ಸಾರಿಗೆ ಆಕನಾ, ಪಲ್ಯಕ್ಕೆ ಆಕನಾ?" ಎಂದರು.

ಸಂಜೆ ವೇದಿಕೆ ಹತ್ತಿದೆವು. ಮೇಷ್ಟ್ರು ಹೊಸ ಅಂಗಿಯ ಮೇಲೆ, ನನ್ನ ಅಂಗಡಿಯಿಂದ ಬೆಳಿಗ್ಗೆಯ ಬಸ್ಸಿನಲ್ಲಿ ತರಿಸಿದ, ವೆಲ್ಡಿಂಗ್ ಕೆಲಸದವರ ಬಿಳಿ ಗಾಜಿನ ಕನ್ನಡಕ ಹಾಕಿದ್ದರು. ಬಿದ್ದದ್ದು ಬಹಳ. ಬಿದ್ದಾಗಲೆಲ್ಲ ಇಡೀ ಸಭೆ "ಎತ್ತು, ಎತ್ತು" ಎಂದು ಚಪ್ಪಾಳೆ ತಟ್ಟಿತು. ಇಳಿಯುವ ಮುನ್ನ ಮೇಷ್ಟ್ರು, "ಇನ್ನೊಂದ್ ದಪ ಕಣ್ಲಾ," ಎಂದರು. ಆ ಸಲ ನನ್ನ ಎಡಗೈಯಿಂದ ಹೋದದ್ದೆಲ್ಲ ಅವರ ಬಲಗೈಗೆ ಸೇರಿತು. ಅವರು ಎಸೆದದ್ದು ನನಗೆ ಬಂತು. ಹೆಚ್ಚು ಹೊತ್ತಲ್ಲ, ಆದರೆ ನಿಲ್ಲಿಸಿದ್ದು ನಾವೇ, ಯಾವುದೂ ಬೀಳಲಿಲ್ಲ. ಬತ್ತೇರಿಯವರು ಮುಂದಿನ ಸಾಲಿನಲ್ಲಿ ಕುಳಿತು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಈಗ ಪ್ರತಿ ರಾತ್ರಿ ಮೇಷ್ಟ್ರ ಹೆಂಡತಿ ಅವರ ಕಣ್ಣಿಗೆ ಹನಿ ಬಿಡುತ್ತಾರೆ. ಹಾರುವ ದೊಣ್ಣೆಗೆ ಹೆದರದವರು ಒಂದು ತೊಟ್ಟಿಗೆ ರೆಪ್ಪೆ ಬಿಗಿದುಕೊಳ್ಳುತ್ತಾರಂತೆ. ಡಾಕ್ಟರು ಹೇಳಿದಾಗಲೆಲ್ಲ ಮೈಸೂರಿಗೆ ಕರೆದುಕೊಂಡು ಹೋಗಿ ದೃಷ್ಟಿಯ ಅಗಲ ಅಳೆಸಿ ಬರುತ್ತೇನೆ. ಬತ್ತೇರಿಯವರು ತರಕಾರಿಗೆ ಬಂದಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ಪೊಟ್ಟಣ ಬಿಸ್ಕತ್ತು ಇಟ್ಟು, ಕಣ್ಣು ಹೇಗಿದೆ ಎಂದು ಕೇಳಿ ಹೋಗುತ್ತಾರೆ. ಅವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿದಿಲ್ಲ. ಒಂದು ಸಲ ಹೇಳಲು ಹೋದರೆ, "ಚೇಟ್ಟಾ, ನಾನು ನನ್ನ ಮೂಗು ಉಳಿಸ್ಕೊಂಡೆ, ಅಷ್ಟೇ," ಎಂದರು.

ನಮ್ಮ ಅಂಗಳದಲ್ಲೂ ಒಂದು ಪದ್ಧತಿ ಬಂದಿದೆ. ಆಟಕ್ಕೆ ಮುಂಚೆ ಮೇಷ್ಟ್ರು ನೆಲದ ಮೇಲೆ ಮಾಡಿಕೊಂಡ ಒಂದು ಗುರುತಿನ ಮೇಲೆ ನಿಂತು ಎದುರಿನ ಗೋಡೆಯನ್ನು ನೇರವಾಗಿ ನೋಡುತ್ತಾರೆ. ನಾನು ದೊಣ್ಣೆ ಎತ್ತಿ ಹಿಡಿದು, ಅವರ ಮುಂದಿನಿಂದ ಅವರ ಎಡಕ್ಕೆ ಮೆಲ್ಲಗೆ ನಡೆಯುತ್ತೇನೆ. ಅದು ಮರೆಯಾದ ಕೂಡಲೇ ಅವರು ಹೇಳಬೇಕು. ಮೊದಲ ದಿನ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಮಳೆಗೆ ಅಳಿಸಿಹೋದೀತೆಂದು ಮಾರನೆಯ ದಿನವೇ ಬಿಳಿ ಪೇಂಟಿನಲ್ಲಿ ಎಳೆದೆ. ಗೆರೆ ಮುಟ್ಟುವ ಮುಂಚೆಯೇ ದೊಣ್ಣೆ ಮರೆಯಾದರೆ ಕಣ್ಣು ಇನ್ನಷ್ಟು ಹೋಗಿದೆ ಎಂದರ್ಥ.

ನಿನ್ನೆ ಸಂಜೆಯೂ ನಡೆದೆ. ಗಾಳಿ ಜೋರಿತ್ತು, ಆಷಾಢ ಮತ್ತೆ ಬಂದಿದೆ. ನಾನು ಉಸಿರು ಬಿಗಿಹಿಡಿದು ನಡೆಯುವುದು ಅವರಿಗೆ ಗೊತ್ತು. ಗೆರೆಯ ಹತ್ತಿರ ಬಂದೆ. ಅವರು ಏನೂ ಹೇಳಲಿಲ್ಲ. ಗೆರೆಯ ಮೇಲೆ ಕಾಲಿಟ್ಟೆ.

"ಓಯ್ತು," ಎಂದರು ಮೇಷ್ಟ್ರು. "ಗೆರೆ ಮ್ಯಾಲೇ ಇದ್ದೀಯೆ ತಾನೆ?"

"ಅಲ್ಲೇ ಇದೀನಿ ಮೇಷ್ಟ್ರೇ."

"ಸರಿ, ಬಾ. ಎಡಗೈಲಿ ಸುರು ಮಾಡು."